ಮಿಲಿಟರಿ ದಾಖಲೆಯಲ್ಲಿ ಅಪ್ಪನ ಹೆಸರು ತಪ್ಪಾಗಿದ್ದರೆ, ಮೊದಲು ಅಮ್ಮನ ಹೆಸರು ನೋಡಿ

ಪ್ರಶ್ನೆ: ನಮ್ಮ ತಂದೆ 1973ರಲ್ಲಿ ಸೈನ್ಯ ಸೇರಿ, 17 ವರ್ಷ ಸೇವೆ ಮಾಡಿ, 1990ರಲ್ಲಿ ನಾಯಕ್ ಆಗಿ ಪಿಂಚಣಿ ಪಡೆದು ಬಂದವರು. ಈಗ 72 ವರ್ಷ. ಡಿಸ್ಚಾರ್ಜ್ ಬುಕ್‌ನಲ್ಲಿ ಅವರ ಹೆಸರಿನ ಇಂಗ್ಲಿಷ್ ಸ್ಪೆಲ್ಲಿಂಗ್ ತಪ್ಪಾಗಿದೆ. ಒಂದು 'ಎಚ್' ಇಲ್ಲ, ಎರಡು 'ಪಿ' ಇರಬೇಕಾದ ಕಡೆ ಒಂದೇ ಇದೆ, ಇನಿಷಿಯಲ್ಲೂ ಇಲ್ಲ. ಆಧಾರ್‌ನಲ್ಲಿ ಎಲ್ಲ ಸರಿಯಾಗಿದೆ. ಎರಡೂ ಹೊಂದದೆ ಸ್ಪರ್ಶ್‌ನಲ್ಲಿ (ಸೈನಿಕರ ಪಿಂಚಣಿಯ ಆನ್‌ಲೈನ್ ವ್ಯವಸ್ಥೆ) ತೊಂದರೆಯಾಗುತ್ತಿದೆ. ಗೆಜೆಟ್‌ನಲ್ಲಿ ಹೆಸರು ಬದಲಾವಣೆ ಮಾಡಿಸಿ, ಎರಡು ಪತ್ರಿಕೆಗಳಲ್ಲಿ ಜಾಹೀರಾತು ಕೊಡಿ ಎಂದು ಒಬ್ಬರು ಹೇಳಿದ್ದಾರೆ. ಅದು ಬೇಕೇ ಬೇಕಾ? ಇನ್ನೊಂದು ಸಣ್ಣ ವಿಷಯ. ಪಿಪಿಓದಲ್ಲಿ (ಪಿಂಚಣಿ ಪಾವತಿ ಆದೇಶ) ಅಮ್ಮನಿಗೆ ಮನೆಯಲ್ಲಿ ಕರೆಯುವ ಹೆಸರೇ ಇದೆ. ಅದನ್ನು ಆಮೇಲೆ ನೋಡಿಕೊಂಡರೆ ಆಗುತ್ತದಲ್ವಾ?

ಉತ್ತರ: ನೀವು ಕೊನೆಯಲ್ಲಿ 'ಸಣ್ಣ ವಿಷಯ' ಅಂತ ಬರೆದಿದ್ದೀರಲ್ಲ, ನನ್ನನ್ನು ಕೇಳಿದರೆ ಅದೇ ದೊಡ್ಡ ವಿಷಯ. ನಿಮ್ಮ ತಂದೆಯವರ ಹೆಸರಿನ ತಪ್ಪು ಇವತ್ತಲ್ಲ ನಾಳೆ ಸರಿಹೋಗುತ್ತದೆ. ಅವರು ನಮ್ಮ ಕಣ್ಣೆದುರಿಗಿದ್ದಾರೆ, ಸಹಿ ಹಾಕುತ್ತಾರೆ, ತಮ್ಮ ನಂಬರ್ ತಾವೇ ಹೇಳುತ್ತಾರೆ. ಅವರಿಗೆ ಬರುವ ಪಿಂಚಣಿ ಬರುತ್ತಲೇ ಇದೆ. ಅಮ್ಮನ ವಿಷಯ ಹಾಗಲ್ಲ. ತಂದೆಯವರ ನಂತರ ಕುಟುಂಬ ಪಿಂಚಣಿ ಶುರುವಾಗಬೇಕಾದರೆ ಪಿಪಿಓದಲ್ಲಿರುವ ಹೆಂಡತಿಯ ಹೆಸರು ಮತ್ತು ಎದುರಿಗೆ ನಿಂತ ಹೆಣ್ಣುಮಗಳ ಆಧಾರ್ ಎರಡೂ ಹೊಂದಬೇಕು. ಹೊಂದದಿದ್ದರೆ 'ಇವರೇ ಅವರು' ಎಂದು ಸಾಬೀತು ಮಾಡುವ ಭಾರ ಆಕೆಯ ತಲೆ ಮೇಲೆ ಬೀಳುತ್ತದೆ. ಅದೂ ಗಂಡನನ್ನು ಕಳೆದುಕೊಂಡ ಹೊತ್ತಿನಲ್ಲಿ.

ನಾನು ಸೇನೆಯಲ್ಲಿ ಗುಮಾಸ್ತನಾಗಿ ಪೂರ್ತಿ ಸೇವೆ ಮುಗಿಸಿದವನು. ನಿವೃತ್ತನಾದ ಮೇಲೆ ಊರಿನ ಸುತ್ತಮುತ್ತಲ ಮಾಜಿ ಸೈನಿಕರ ಕಾಗದ ಪತ್ರ ನೋಡಿಕೊಡುತ್ತಿದ್ದೇನೆ. ಹೆಸರಿನ ತೊಂದರೆ ಹಿಡಿದುಕೊಂಡು ಬರುವವರಲ್ಲಿ ಜಾಸ್ತಿ ಕಣ್ಣೀರು ನೋಡಿದ್ದು ಇಂಥ ತಾಯಂದಿರದ್ದೇ. ಹಾಗಾಗಿ ನಿಮ್ಮ ಕೆಲಸದ ಸಾಲು ತಿರುಗಿಸಿ ಹಾಕುತ್ತಿದ್ದೇನೆ. ಅಮ್ಮನದು ಮೊದಲು, ಅಪ್ಪನದು ಜೊತೆಗೆ ಅಥವಾ ನಂತರ.

ಈ ತಪ್ಪುಗಳು ಎಲ್ಲಿ ಹುಟ್ಟುತ್ತವೆ ಅಂತ ಸ್ವಲ್ಪ ಹೇಳುತ್ತೇನೆ. ಅದು ಗೊತ್ತಾದರೆ ಅರ್ಜಿಯಲ್ಲಿ ಏನು ಬರೆಯಬೇಕು ಅನ್ನುವುದೂ ಗೊತ್ತಾಗುತ್ತದೆ. ಭರ್ತಿಗೆ ಬಂದ ಹದಿನೆಂಟರ ಹುಡುಗ ಟಿ.ಸಿ. ಹಿಡಿದು ಟೇಬಲ್ ಮುಂದೆ ನಿಲ್ಲುತ್ತಾನೆ. ಟಿ.ಸಿ. ಕನ್ನಡದಲ್ಲಿದೆ. ಎದುರು ಕೂತ ಗುಮಾಸ್ತನಿಗೆ ಕನ್ನಡ ಬರುವುದಿಲ್ಲ. ಹೆಸರು ಕೇಳುತ್ತಾನೆ, ಹುಡುಗ ಊರಿನ ಉಚ್ಚಾರದಲ್ಲೇ ಹೇಳುತ್ತಾನೆ, ಗುಮಾಸ್ತ ಕಿವಿಗೆ ಬಿದ್ದದ್ದನ್ನು ದೊಡ್ಡ ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯುತ್ತಾನೆ. ಹಿಂದಿ ಕಿವಿಗೆ ನಮ್ಮ ಹೆಸರಿನ ಕೊನೆಯ, ನಡುವಿನ 'ಅ'ಕಾರ, 'ಉ'ಕಾರ ಕೇಳಿಸುವುದು ಕಡಿಮೆ. ಹಾಗಾಗಿ ಬಸವರಾಜು 'ಬಸವ್‌ರಾಜ್' ಆಗುತ್ತಾನೆ, ಹನುಮಂತ 'ಹನ್ಮಂತ್' ಆಗುತ್ತಾನೆ. ತಿಮ್ಮಪ್ಪನ 'ತಿ'ಗೆ 'ಟಿ' ಒಂದೇ ಸಾಕೋ, ಜೊತೆಗೆ 'ಎಚ್' ಬೇಕೋ? ಗೌಡಕ್ಕೆ 'ಓ ಡಬ್ಲ್ಯು' ಹಾಕಬೇಕೋ, 'ಓ ಯು' ಹಾಕಬೇಕೋ? ಮೈಸೂರು ಕಡೆಯವರದು ಒಂದು ರೂಢಿ, ಬೆಳಗಾವಿ ಕಡೆಯವರದು ಇನ್ನೊಂದು. ಇನಿಷಿಯಲ್ ಅಂದರೆ ಏನು ಅಂತ ಉತ್ತರದವರಿಗೆ ಅರ್ಥವೇ ಆಗುವುದಿಲ್ಲ. ಕೆಲವರಿಗೆ ಅದನ್ನು ಬಿಟ್ಟೇಬಿಟ್ಟರು, ಕೆಲವರಿಗೆ ಹಿಂದಕ್ಕೆ ತಂದು ಜೋಡಿಸಿದರು, ಇನ್ನು ಕೆಲವರಿಗೆ ಅಪ್ಪನ ಹೆಸರನ್ನೇ ಅಡ್ಡಹೆಸರು ಮಾಡಿದರು. ಹುಡುಗ ಹೆಬ್ಬೆಟ್ಟೋ ಸಹಿಯೋ ಹಾಕಿದ. ಆಮೇಲೆ ಅದೇ ಸ್ಪೆಲ್ಲಿಂಗ್ ಶೀಟ್ ರೋಲ್ ಎಂಬ ಸೇವಾ ದಾಖಲೆಗೆ, ಪೇ ಬುಕ್‌ಗೆ, ಗುರುತಿನ ಚೀಟಿಗೆ, ಡಿಸ್ಚಾರ್ಜ್ ಬುಕ್‌ಗೆ, ಕೊನೆಗೆ ಪಿಪಿಓಗೆ ಹೋಯಿತು. ಬಾವಿಗೆ ಬಿದ್ದದ್ದೇ ಎಲ್ಲ ಕೊಡಗಳಿಗೂ ಬಂತು.

ಹೆಂಡತಿಯ ಹೆಸರಿನ ಕಥೆ ಬೇರೆ. ಮದುವೆ ರಜೆ ಮುಗಿಸಿ ಬಂದ ಜವಾನ ಯೂನಿಟ್ ಕಚೇರಿಗೆ ಹೋಗಿ ಮದುವೆಯನ್ನು ದಾಖಲು ಮಾಡಿಸಬೇಕು. ಅದನ್ನು ಪಾರ್ಟ್ ಟು ಆರ್ಡರ್ ಮಾಡಿಸುವುದು ಅನ್ನುತ್ತೇವೆ. ಗುಮಾಸ್ತ 'ಹೆಂಡತಿ ಹೆಸರು?' ಅಂತಾನೆ. ಜವಾನನ ಬಾಯಿಗೆ ಬರುವುದು ಮನೆಯಲ್ಲಿ ಎಲ್ಲರೂ ಕರೆಯುವ ಪುಟ್ಟಮ್ಮ, ಚಿಕ್ಕತಾಯಮ್ಮ. ಶಾಲೆಯ ಹೆಸರು ಸಾವಿತ್ರಿ ಅಂತ ಅವನಿಗೆ ಆಗಿನ್ನೂ ಗೊತ್ತೇ ಇರುವುದಿಲ್ಲ. ಉತ್ತರ ಕರ್ನಾಟಕದ ಎಷ್ಟೋ ಮನೆಗಳಲ್ಲಿ ಮದುವೆಯಾದ ಹೆಣ್ಣಿಗೆ ಗಂಡನ ಮನೆಯಲ್ಲಿ ಹೊಸ ಹೆಸರಿಡುವ ರೂಢಿಯೂ ಇತ್ತು. ಪಡಿತರ ಚೀಟಿ, ಆಧಾರ್ ಬರುವ ಹೊತ್ತಿಗೆ ಇವುಗಳಲ್ಲಿ ಯಾವುದೋ ಒಂದು ಹೆಸರು ಉಳಿದುಕೊಂಡಿರುತ್ತದೆ. ಇಲ್ಲಿ ಯಾರೂ ಸುಳ್ಳು ಹೇಳಿಲ್ಲ. ಈ ಮಾತನ್ನು ಅರ್ಜಿಯಲ್ಲೂ ನೇರವಾಗಿ ಬರೆಯಬಹುದು: 'ಮದುವೆಯ ದಾಖಲೆಯ ವೇಳೆ ಮನೆಯಲ್ಲಿ ಕರೆಯುವ ಹೆಸರನ್ನು ಕೊಟ್ಟಿದ್ದೆ, ಅಧಿಕೃತ ಹೆಸರು ಇದು.'

ಈಗ ಗೆಜೆಟ್ ವಿಷಯ. ಹೆಸರು 'ಬದಲಾವಣೆ' ಬೇರೆ, ಹೆಸರು 'ತಿದ್ದುಪಡಿ' ಬೇರೆ. ಒಂದು ಹೆಸರನ್ನು ಬಿಟ್ಟು ಮತ್ತೊಂದು ಹೆಸರು ಇಟ್ಟುಕೊಳ್ಳುವುದು ಬದಲಾವಣೆ. ಅದಕ್ಕೆ ಗೆಜೆಟ್, ಜಾಹೀರಾತು ಎಲ್ಲ ಕೇಳುತ್ತಾರೆ. ಒಬ್ಬರದೇ ಹೆಸರನ್ನು ಎರಡು ಕಡೆ ಎರಡು ರೀತಿ ಬರೆದಿದ್ದರೆ ಅದು ತಿದ್ದುಪಡಿ. ಇದಕ್ಕೆ ಸಾಮಾನ್ಯವಾಗಿ 'ಇಬ್ಬರೂ ಒಬ್ಬರೇ' ಎನ್ನುವ ಅಫಿಡವಿಟ್ಟಿನಿಂದ ಕೆಲಸ ಶುರುವಾಗುತ್ತದೆ. ನಿಮ್ಮ ತಂದೆಯವರದು ಎರಡಕ್ಷರ ಮತ್ತು ಇನಿಷಿಯಲ್. ಅದು ಖಂಡಿತ ತಿದ್ದುಪಡಿ. ಅರ್ಜಿಯ ತಲೆಬರಹದಲ್ಲೇ 'ಹೆಸರು ಬದಲಾವಣೆ' ಅಂತ ಬರೆದರೆ ಫೈಲು ಆ ದಾರಿಗೇ ಹೋಗುತ್ತದೆ, ಗೆಜೆಟ್ ತನ್ನಿ ಎಂಬ ಉತ್ತರ ಬರುತ್ತದೆ. ಆ ಒಂದು ಪದ ಬರೆಯಬೇಡಿ. ಅಮ್ಮನದು ಪೂರ್ತಿ ಬೇರೆ ಹೆಸರಾದ್ದರಿಂದ ಕೆಲವೊಮ್ಮೆ ಹೆಚ್ಚಿನ ಪುರಾವೆ ಕೇಳಬಹುದು. ಆದರೂ ಸೇನೆಯ ದಾಖಲೆ ಇಡುವ ರೆಕಾರ್ಡ್ಸ್ ಕಚೇರಿಯವರು ಬರಹದಲ್ಲಿ ಕೇಳುವವರೆಗೂ ಗೆಜೆಟ್‌ಗೆ ದುಡ್ಡು ಹಾಕಬೇಡಿ.

ತಂದೆಯವರ ಹೆಸರಿಗೆ ನನ್ನ ಸಲಹೆ ಇನ್ನೂ ಸುಲಭದ್ದು. ಸೇನೆಯ ದಾಖಲೆಯನ್ನು ಆಧಾರ್‌ಗೆ ಹೊಂದಿಸುವ ಬದಲು ಆಧಾರನ್ನೇ ಸೇನೆಯ ದಾಖಲೆಗೆ ಹೊಂದಿಸಬಹುದಾ ನೋಡಿ. ಆಧಾರ್‌ನಲ್ಲಿ ಹೆಸರನ್ನು ಜೀವನದಲ್ಲಿ 2 ಸಲ ತಿದ್ದಿಸಲು ಅವಕಾಶವಿದೆ. ಅವರು ಒಮ್ಮೆಯೂ ಬಳಸಿಲ್ಲದಿದ್ದರೆ ಇದು ಹತ್ತಿರದ ದಾರಿ. ಪಿಂಚಣಿ ಬರುವ ಬ್ಯಾಂಕ್ ಪಾಸ್‌ಬುಕ್ ತೆಗೆದು ನೋಡಿ. 1990ರಲ್ಲಿ ಪಿಪಿಓ ನೋಡಿಯೇ ಖಾತೆ ತೆರೆದಿರುತ್ತಾರೆ, ಹಾಗಾಗಿ ಬಹುಪಾಲು ಅದು ಸೇನೆಯ ಸ್ಪೆಲ್ಲಿಂಗ್‌ನಲ್ಲೇ ಇರುತ್ತದೆ. ಇಸಿಎಚ್‌ಎಸ್ (ಮಾಜಿ ಸೈನಿಕರ ಆರೋಗ್ಯ ಯೋಜನೆ) ಕಾರ್ಡು, ಮಾಜಿ ಸೈನಿಕರ ಗುರುತಿನ ಚೀಟಿ ಕೂಡ ಅದೇ ಸ್ಪೆಲ್ಲಿಂಗ್‌ನಲ್ಲಿರುತ್ತವೆ. ಅಂದರೆ ಬೇರೆಯಾಗಿರುವುದು ಆಧಾರ್ ಮತ್ತು ಪ್ಯಾನ್ ಎರಡೇ. ಎರಡು ತಿದ್ದುವುದು ಸುಲಭವೋ, ಐದಾರು ತಿದ್ದುವುದು ಸುಲಭವೋ? ನಿಮ್ಮ ಅಂಕಪಟ್ಟಿಯಲ್ಲಿ, ಪಹಣಿಯಲ್ಲಿ ಅಪ್ಪನ ಹೆಸರು ಹಳೇ ರೀತಿ ಇದೆಯಲ್ಲ ಅಂತ ಚಿಂತೆ ಬೇಡ. ಅಲ್ಲಿಗೆ ಬೇಕಾದಾಗ ಅಫಿಡವಿಟ್ ಕೆಲಸಕ್ಕೆ ಬರುತ್ತದೆ.

ಒಂದು ಎಚ್ಚರಿಕೆ. ಇದೇ ಅರ್ಜಿಯಲ್ಲಿ 'ಜೊತೆಗೆ ತಂದೆಯವರ ಹುಟ್ಟಿದ ದಿನವನ್ನೂ ಸರಿಮಾಡಿ' ಅಂತ ಸೇರಿಸಬೇಡಿ. ಭರ್ತಿಯಾದಾಗ ಬರೆಸಿದ ಸೈನಿಕನ ಹುಟ್ಟಿದ ದಿನವನ್ನು ನಿವೃತ್ತಿಯಾಗಿ ದಶಕಗಳಾದ ಮೇಲೆ ತಿದ್ದುವುದಕ್ಕೆ ಸಾಮಾನ್ಯವಾಗಿ ಒಪ್ಪುವುದಿಲ್ಲ. ಆ ಒಂದು ಸಾಲಿಗಾಗಿ ಇಡೀ ಫೈಲು ನಿಂತುಬಿಡುತ್ತದೆ.

ಅಮ್ಮನ ಹುಟ್ಟಿದ ದಿನದ ಮಾತು ಮಾತ್ರ ಬೇರೆ. ಪಿಪಿಓದಲ್ಲಿ ಅವರ ಹೆಸರಿನ ಪಕ್ಕ ಜನ್ಮ ದಿನಾಂಕ ಇದೆಯಾ ಅಂತ ಇವತ್ತೇ ನೋಡಿ. ಹಳೆಯ ಪಿಪಿಓಗಳಲ್ಲಿ ಎಷ್ಟೋ ಸಲ ಇರುವುದಿಲ್ಲ. ಕುಟುಂಬ ಪಿಂಚಣಿ ಪಡೆಯುವವರಿಗೆ 80 ವರ್ಷ ತುಂಬಿದಾಗ ಶೇ. 20 ಹೆಚ್ಚುವರಿ ಸಿಗುತ್ತದೆ. 85ಕ್ಕೆ ಶೇ. 30, 90ಕ್ಕೆ ಶೇ. 40, 95ಕ್ಕೆ ಶೇ. 50. ನೂರು ತುಂಬಿದರೆ ಶೇ. 100. ದಾಖಲೆಯಲ್ಲಿ ಹುಟ್ಟಿದ ದಿನವೇ ಇಲ್ಲದಿದ್ದರೆ 80 ತುಂಬಿದ್ದು ಅವರಿಗೆ ಹೇಗೆ ಗೊತ್ತಾಗಬೇಕು? ಹೆಸರು ಮತ್ತು ಜನ್ಮ ದಿನಾಂಕ ಎರಡನ್ನೂ ಒಂದೇ ಅರ್ಜಿಯಲ್ಲಿ ಕೇಳಿ.

ಅರ್ಜಿ ಯಾರಿಗೆ? ಬ್ಯಾಂಕಿಗಲ್ಲ. ಬ್ಯಾಂಕಿನವರು ಖಾತೆಯಲ್ಲಿ ಹೆಸರು ತಿದ್ದಿಕೊಟ್ಟರೆ ಕೆಲಸ ಮುಗಿಯಿತು ಅಂತ ನೆಮ್ಮದಿಯಾಗಿ ಕೂತವರು ಬಹಳ ಜನ. ಸೇನೆಯ ದಾಖಲೆ ಇರುವುದು ಅವರವರ ರೆಜಿಮೆಂಟಿನ ರೆಕಾರ್ಡ್ಸ್ ಕಚೇರಿಯಲ್ಲಿ. ತಂದೆಯವರು ಎಂಇಜಿ (ಮದ್ರಾಸ್ ಎಂಜಿನಿಯರ್ ಗ್ರೂಪ್) ಯವರಾದರೆ ಬೆಂಗಳೂರು, ಮರಾಠಾ ಲೈಟ್ ಇನ್‌ಫೆಂಟ್ರಿಯಾದರೆ ಬೆಳಗಾವಿ, ಮದ್ರಾಸ್ ರೆಜಿಮೆಂಟಾದರೆ ವೆಲ್ಲಿಂಗ್ಟನ್, ಆರ್ಟಿಲರಿಯಾದರೆ ನಾಸಿಕ್ ರೋಡ್, ಸಿಗ್ನಲ್ಸ್ ಆದರೆ ಜಬಲ್‌ಪುರ, ಇಎಂಇ (ಸೇನೆಯ ಎಲೆಕ್ಟ್ರಾನಿಕ್ಸ್, ಮೆಕ್ಯಾನಿಕಲ್ ವಿಭಾಗ) ಆದರೆ ಸಿಕಂದರಾಬಾದ್. ನಿವೃತ್ತಿಯ ನಂತರ ಡಿಎಸ್‌ಸಿ (ಡಿಫೆನ್ಸ್ ಸೆಕ್ಯುರಿಟಿ ಕೋರ್) ಸೇರಿ ಮತ್ತೆ ಸೇವೆ ಮಾಡಿದ್ದರೆ ಕಣ್ಣೂರಿನಲ್ಲಿ ಇನ್ನೊಂದು ದಾಖಲೆ, ಇನ್ನೊಂದು ನಂಬರ್ ಇರುತ್ತದೆ. ಅಂಥವರು ಎರಡೂ ಕಡೆ ತಿದ್ದಿಸಬೇಕು. ವಾಯುಸೇನೆಯವರ ದಾಖಲೆ ದೆಹಲಿಯ ಸುಬ್ರೋತೋ ಪಾರ್ಕ್‌ನಲ್ಲಿ, ನೌಕಾಪಡೆಯ ನಾವಿಕರದು ಮುಂಬೈಯಲ್ಲಿ.

ನೇರವಾಗಿ ಕಳಿಸಬಹುದು. ಆದರೆ ನಿಮ್ಮ ಜಿಲ್ಲೆಯ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಕಚೇರಿಯ ಮೂಲಕ ಕಳಿಸುವುದು ನನಗೆ ಇಷ್ಟ. ಅಲ್ಲಿನ ಉಪ ನಿರ್ದೇಶಕರ ಸಹಿ, ಮೊಹರು ಇರುವ ಪತ್ರ ಜೊತೆಗಿದ್ದರೆ ರೆಕಾರ್ಡ್ಸ್‌ನವರಿಗೆ ನಂಬಿಕೆ. ಫಾರಂ ಬೇಕಿದ್ದರೂ ಅಲ್ಲೇ ಕೇಳಬಹುದು. ಅಫಿಡವಿಟ್ ನೋಟರಿ ಮುಂದೆ ಸಾಕೋ, ಮ್ಯಾಜಿಸ್ಟ್ರೇಟ್ ಮುಂದೆಯೇ ಆಗಬೇಕೋ ಅನ್ನುವುದನ್ನೂ ಮಾಡಿಸುವ ಮೊದಲೇ ಕೇಳಿಕೊಳ್ಳಿ. ನೋಟರಿಯದು ಮಾಡಿಸಿ ಕಳಿಸಿ, ಅದು ವಾಪಸ್ ಬಂದು, ಮತ್ತೆ ಮ್ಯಾಜಿಸ್ಟ್ರೇಟ್ ಹತ್ತಿರ ಓಡುವುದರಲ್ಲಿ ತಿಂಗಳುಗಟ್ಟಲೆ ಹೋಗುತ್ತದೆ.

ಅರ್ಜಿಯನ್ನು ತಂದೆಯವರೇ ಬರೆದಂತೆ ಇರಲಿ, ಅವರೇ ಸಹಿ ಹಾಕಲಿ. ಮೊದಲ ಸಾಲಿನಲ್ಲಿ ಸೈನ್ಯದ ನಂಬರ್. ಅಂಕಿಗಳ ಕೊನೆಗೊಂದು ಇಂಗ್ಲಿಷ್ ಅಕ್ಷರ ಇರುತ್ತದೆ, ಅದನ್ನು ಬಿಡಬೇಡಿ. ನಂತರ ರ‍್ಯಾಂಕ್, ಆಮೇಲೆ ಹೆಸರು. ಈ ಹೆಸರನ್ನು ಡಿಸ್ಚಾರ್ಜ್ ಬುಕ್‌ನಲ್ಲಿ ಇರುವಂತೆಯೇ, ತಪ್ಪು ಸ್ಪೆಲ್ಲಿಂಗ್‌ನಲ್ಲೇ ಬರೆಯಬೇಕು. ಸರಿಯಾದ ಹೆಸರಲ್ಲಿ ಅರ್ಜಿ ಹಾಕಿದರೆ ಅಲ್ಲಿ ಹುಡುಕುವವನಿಗೆ ಆ ಹೆಸರಿನವರು ಸಿಗುವುದೇ ಇಲ್ಲ. ಮುಂದಕ್ಕೆ ಪಿಪಿಓ ನಂಬರ್, ಸೇರಿದ ಮತ್ತು ಬಿಟ್ಟ ದಿನಾಂಕ. ಆಮೇಲೆ ಒಂದು ಪುಟ್ಟ ಕೋಷ್ಟಕ: ದಾಖಲೆಯಲ್ಲಿ ಈಗ ಹೀಗಿದೆ, ಹೀಗೆ ಆಗಬೇಕು, ಇದಕ್ಕೆ ಆಧಾರ ಇದು. ಉದ್ದ ಕಥೆ ಬೇಡ. ದಿನಕ್ಕೆ ರಾಶಿ ಅರ್ಜಿ ನೋಡುವ ಗುಮಾಸ್ತನ ಕಣ್ಣು ಹುಡುಕುವುದು ಈ ಮೂರು ಮಾತುಗಳನ್ನೇ. ನಾನೂ ಹಾಗೇ ಹುಡುಕುತ್ತಿದ್ದೆ.

ಅಫಿಡವಿಟ್ ಗಂಡ ಹೆಂಡತಿ ಇಬ್ಬರ ಹೆಸರಲ್ಲೂ ಇರಲಿ. ಅದರ ತಿರುಳು ಒಂದೇ ವಾಕ್ಯ: ಪಿಪಿಓದಲ್ಲಿರುವ ಈ ಹೆಸರೂ ಆಧಾರ್‌ನಲ್ಲಿರುವ ಈ ಹೆಸರೂ ಒಬ್ಬರದೇ, ಅವರು ಇಂಥ ನಂಬರಿನ ಇಂಥವರ ಕಾನೂನುಬದ್ಧ ಪತ್ನಿ, ಇನ್ನು ಮುಂದೆ ಎಲ್ಲ ದಾಖಲೆಗಳಲ್ಲಿ ಈ ಹೆಸರೇ ಇರಬೇಕು. ಎರಡೂ ಹೆಸರುಗಳ ಸ್ಪೆಲ್ಲಿಂಗ್ ಆಯಾ ಕಾಗದದಲ್ಲಿ ಇರುವಂತೆ ಅಕ್ಷರ ಅಕ್ಷರ ಹೊಂದಬೇಕು. ಟೈಪ್ ಮಾಡುವವರು ಇಲ್ಲೇ ಹೊಸದೊಂದು ತಪ್ಪು ಸೇರಿಸಿಬಿಡುತ್ತಾರೆ. ಸಹಿ ಹಾಕುವ ಮುಂಚೆ ನೀವು ಒಂದು ಕೈಯಲ್ಲಿ ಆಧಾರ್ ಹಿಡಿದು, ಬೆರಳಿಟ್ಟು ಓದಿ.

ಜೊತೆಗೆ ಡಿಸ್ಚಾರ್ಜ್ ಬುಕ್, ಪಿಪಿಓ, ಇಬ್ಬರ ಆಧಾರ್, ಪ್ಯಾನ್, ಇಬ್ಬರೂ ಕೂತಿರುವ ಜಂಟಿ ಫೋಟೋ, ಅಮ್ಮನ ಹುಟ್ಟಿದ ದಿನಕ್ಕೆ ಶಾಲೆಯ ದಾಖಲೆ ಇದ್ದರೆ ಅದು. ನಮ್ಮವರು ಮರೆಯುವುದು ಇನ್ನೊಂದಿದೆ. ಪಡಿತರ ಚೀಟಿ, ಟಿ.ಸಿ., ಪಹಣಿ ಎಲ್ಲ ಕನ್ನಡದಲ್ಲಿರುತ್ತವೆ. ಬೆಂಗಳೂರಿನಲ್ಲೇ ಇರುವ ರೆಕಾರ್ಡ್ಸ್ ಆದರೂ ನಿಮ್ಮ ಫೈಲು ನೋಡುವವನು ಬಿಹಾರದವನೋ ರಾಜಸ್ಥಾನದವನೋ ಆಗಿರಬಹುದು. ಕನ್ನಡದ ಪ್ರತಿ ಕಾಗದಕ್ಕೂ ಇಂಗ್ಲಿಷ್ ಅನುವಾದ ಮಾಡಿಸಿ, ನೋಟರಿ ಸಹಿ ಹಾಕಿಸಿ ಇಡಿ. ಮೂಲ ಕಾಗದ ಯಾವುದನ್ನೂ ಅಂಚೆಯಲ್ಲಿ ಕಳಿಸಬೇಡಿ. ಮೂಲ ಡಿಸ್ಚಾರ್ಜ್ ಬುಕ್ ಅಂತೂ ಯಾರ ಕೈಗೂ ಬಿಟ್ಟುಕೊಡಬೇಡಿ. ಸ್ಪೀಡ್ ಪೋಸ್ಟ್ ರಸೀದಿಯನ್ನು ಅರ್ಜಿಯ ಜೆರಾಕ್ಸಿಗೇ ಪಿನ್ ಮಾಡಿ.

ಮುಂದೆ ಏನಾಗುತ್ತದೆ? ಎಲ್ಲ ಸರಿಯಿದ್ದರೆ ರೆಕಾರ್ಡ್ಸ್‌ನವರು ತಿದ್ದುಪಡಿಯನ್ನು ಆರ್ಡರಿನಲ್ಲಿ ಪ್ರಕಟಿಸಿ, ಪ್ರಯಾಗ್‌ರಾಜ್‌ನಲ್ಲಿರುವ ಪಿಸಿಡಿಎ ಪಿಂಚಣಿ ಕಚೇರಿಗೆ ಕಳಿಸುತ್ತಾರೆ. ಅಲ್ಲಿಂದ ತಿದ್ದಿದ ಪಿಪಿಓ ಬರುತ್ತದೆ. ಹಳಬರ ಬಾಯಲ್ಲಿ ಅದು 'ಕಾರ್ ಪಿಪಿಓ', ಅಂದರೆ ಕಾರಿಜೆಂಡಮ್ (ತಿದ್ದುಪಡಿ) ಪಿಪಿಓ. ಈಗ ಸ್ಪರ್ಶ್ ಬಂದ ಮೇಲೆ ಅದು ಲಾಗಿನ್‌ನಲ್ಲೇ ಕಾಣಿಸುತ್ತದೆ. ರೆಕಾರ್ಡ್ಸ್‌ನಿಂದ 'ತಿದ್ದಿದ್ದೇವೆ' ಅಂತ ಪತ್ರ ಬಂದದ್ದಕ್ಕೇ ಸಮಾಧಾನಪಡಬೇಡಿ, ಅದು ಅರ್ಧ ದಾರಿ ಅಷ್ಟೆ. ಪಿಪಿಓದಲ್ಲಿ ಅಮ್ಮನ ಹೆಸರು ಕಣ್ಣಿಗೆ ಬೀಳುವವರೆಗೆ ಕೆಲಸ ಮುಗಿದಿಲ್ಲ. ಸ್ಪರ್ಶ್ ಲಾಗಿನ್ ಬಗ್ಗೆ ಒಂದು ಮಾತು: ಪಾಸ್‌ವರ್ಡ್, ಓಟಿಪಿ ಯಾರಿಗೂ ಹೇಳಬೇಡಿ, ಕೆಲಸ ಮಾಡಿಸಿಕೊಡುತ್ತೇನೆ ಅಂತ ಬಂದವರು ಮಾಜಿ ಸೈನಿಕರೇ ಆಗಿದ್ದರೂ ಸರಿ.

ತಿಂಗಳುಗಟ್ಟಲೆ ಉತ್ತರವೇ ಬಾರದಿದ್ದರೆ ಸುಮ್ನೆ ಕಾಯಬೇಡಿ. ಒಂದು ನೆನಪೋಲೆ ಕಳಿಸಿ. ಅದಕ್ಕೂ ಉತ್ತರ ಇಲ್ಲವೆಂದರೆ ಮಾಹಿತಿ ಹಕ್ಕಿನಲ್ಲಿ 10 ರೂಪಾಯಿಯ ಪೋಸ್ಟಲ್ ಆರ್ಡರ್ ಇಟ್ಟು, 'ಇಂಥ ದಿನದ ನನ್ನ ಅರ್ಜಿಯ ಮೇಲೆ ಏನು ಕ್ರಮ ಆಗಿದೆ' ಎಂದು ತಂದೆಯವರ ಹೆಸರಲ್ಲೇ ಕೇಳಿ. 30 ದಿನದಲ್ಲಿ ಉತ್ತರ ಕೊಡಬೇಕು. ಮಲಗಿದ ಫೈಲು ಎದ್ದು ಕೂರುವುದನ್ನು ನಾನು ಬಹಳ ಸಲ ನೋಡಿದ್ದೇನೆ. ಶೀಟ್ ರೋಲ್‌ನಲ್ಲಿ ನಿಜಕ್ಕೂ ಏನು ಬರೆದಿದೆ ಅಂತ ಅನುಮಾನವಿದ್ದರೆ ಅದರ ನಕಲನ್ನೂ ಹೀಗೇ ಕೇಳಬಹುದು. ರಕ್ಷಣಾ ಪಿಂಚಣಿದಾರರ ದೂರಿಗೆಂದೇ ಕೇಂದ್ರ ಸರ್ಕಾರದ ಆನ್‌ಲೈನ್ ವ್ಯವಸ್ಥೆಯೂ ಇದೆ. ಕೊನೆಯ ದಾರಿ ಸಶಸ್ತ್ರ ಪಡೆಗಳ ನ್ಯಾಯಮಂಡಳಿ. ಕರ್ನಾಟಕದವರಿಗೆ ಅದು ಕೊಚ್ಚಿಯಲ್ಲಿ. ಬರೀ ಹೆಸರಿನ ತಿದ್ದುಪಡಿಗೆ ಅಲ್ಲಿಯವರೆಗೆ ಹೋಗಬೇಕಾಗಿ ಬರುವುದು ಅಪರೂಪ.

ಇದನ್ನು ಓದುವ ಬೇರೆ ಮನೆಗಳಿಗೂ ಎರಡು ಮಾತು. ಪಿಂಚಣಿ ಇಲ್ಲದೆ ಕಡಿಮೆ ವರ್ಷಕ್ಕೇ ಬಂದವರ ಕಾಗದಗಳನ್ನು ರೆಕಾರ್ಡ್ಸ್‌ನವರು 25 ವರ್ಷ ಇಟ್ಟು ಆಮೇಲೆ ನಾಶ ಮಾಡುತ್ತಾರೆ. ಲಾಂಗ್ ರೋಲ್ ಎಂಬ ದಪ್ಪ ಪುಸ್ತಕದಲ್ಲಿ ಮಾತ್ರ ಒಂದು ಸಾಲು ಉಳಿದಿರುತ್ತದೆ. ಅಂಥವರಿಗೆ ಮನೆಯಲ್ಲಿರುವ ಡಿಸ್ಚಾರ್ಜ್ ಬುಕ್ಕೇ ಆಸ್ತಿ. ಅದನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ, ಗೆದ್ದಲು ಬಾರದ ಕಡೆ ಇಡಿ.

ಎರಡನೆಯದು ಹೇಳಲು ಕಷ್ಟ, ಆದರೂ ಹೇಳಬೇಕು. ಮಾಜಿ ಸೈನಿಕರು ತೀರಿಕೊಂಡ ಮನೆಯವರು 21 ದಿನದೊಳಗೆ ಮರಣ ನೋಂದಣಿ ಮಾಡಿಸುವಾಗ ಹೆಸರನ್ನು ಬಾಯಲ್ಲಿ ಹೇಳಿ ಬಂದುಬಿಡುತ್ತಾರೆ. ಪಂಚಾಯಿತಿಯವರು ಬರೆದದ್ದು ಒಂದು, ಪಿಪಿಓದಲ್ಲಿರುವುದು ಒಂದು. ಆಮೇಲೆ ತೀರಿಕೊಂಡವರು ಇದೇ ಪಿಂಚಣಿದಾರರು ಅಂತ ಸಾಬೀತು ಮಾಡಲು ಅಲೆದಾಟ. ಕೆಲವು ವರ್ಷಗಳ ಹಿಂದೆ ಒಬ್ಬ ತಾಯಿ ನನ್ನ ಹತ್ತಿರ ಬಂದಿದ್ದರು. ಪಿಪಿಓದಲ್ಲಿ ಅವರ ಹೆಸರು ಬೇರೆ, ಮರಣ ಪತ್ರದಲ್ಲಿ ಗಂಡನ ಹೆಸರು ಬೇರೆ. ಸೆರಗಿನಲ್ಲಿ ಗಂಟು ಹಾಕಿ ತಂದಿದ್ದ ಮದುವೆ ಫೋಟೋ ಬಿಚ್ಚಿ ನನ್ನ ಮುಂದೆ ಇಟ್ಟು, 'ನಾನೇ ಕಣಪ್ಪ ಇದು' ಅಂದರು. ಆ ಕೆಲಸ ಮುಗಿಯಲು ಒಂದು ವರ್ಷದ ಮೇಲೆ ಹಿಡಿಯಿತು. ಕುಟುಂಬ ಪಿಂಚಣಿ ಸಾಮಾನ್ಯವಾಗಿ ವೇತನದ ಶೇ. 30. ಕನಿಷ್ಠ 9,000 ರೂಪಾಯಿ ಮತ್ತು ತುಟ್ಟಿಭತ್ಯೆ. ಬಾಕಿ ಹಣ ಕೊನೆಗೆ ಬಂತು, ನಿಜ. ಆದರೆ ಆ ಒಂದು ವರ್ಷ ಅವರು ಮಗಳ ಮನೆಯಲ್ಲಿ ಕೈಚಾಚಿ ಇರಬೇಕಾಯಿತು. ಅವರ ಪತಿ ಬದುಕಿದ್ದಾಗ ಒಂದು ಅರ್ಜಿಗೆ ಸಹಿ ಹಾಕಿದ್ದರೆ ಸಾಕಿತ್ತು.

ಆದ್ದರಿಂದ ಈ ವಾರವೇ ಅಪ್ಪ ಅಮ್ಮ ಇಬ್ಬರನ್ನೂ ಕೂರಿಸಿಕೊಂಡು ಎಲ್ಲ ಕಾಗದಗಳನ್ನೂ ಚಾಪೆ ಮೇಲೆ ಹರಡಿ. ಪ್ರತಿಯೊಂದರಲ್ಲೂ ಇಬ್ಬರ ಹೆಸರು, ಹುಟ್ಟಿದ ದಿನ ಹೇಗಿದೆ ಅಂತ ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಆ ಹಾಳೆ ಹಿಡಿದು ಸೈನಿಕ ಕಲ್ಯಾಣ ಕಚೇರಿಗೆ ಹೋಗುವಾಗ ತಂದೆಯವರನ್ನೂ ಕರೆದುಕೊಂಡು ಹೋಗಿ. ಹೊಸ ಪಿಪಿಓ ಬಂದ ದಿನ ಎರಡು ಪ್ರತಿ ತೆಗೆಸಿ, ಒಂದನ್ನು ಅಮ್ಮನ ಟ್ರಂಕಿನಲ್ಲಿ ಇಡಿ. ಎಲ್ಲಿದೆ ಅಂತ ಅವರಿಗೆ ತೋರಿಸಿ.